ಕಿತ್ತೆಸೆದ ಬೇವಿನ ಸೊಪ್ಪು

ಬಾಡಿದ ಬೇವಿನ ಸೊಪ್ಪು ಕಂಡರೆ ಇವತ್ತಿಗೂ ನನ್ನ ಕೈಕಾಲು ತಣ್ಣಗಾಗುತ್ತವೆ. ಯಾರದೋ ಮನೆ ಬಾಗಿಲಲ್ಲಿ ಯುಗಾದಿಯ ತೋರಣ ಒಣಗಿ ನೇತಾಡುತ್ತಿದ್ದರೂ ಸಾಕು, ಆಡುತ್ತಿದ್ದ ಮಾತು ಬಾಯಲ್ಲೇ ನಿಂತುಬಿಡುತ್ತದೆ. ಮನೆಯವರು ನಗುತ್ತಾರೆ. ಹಾವು ಕಂಡರೆ ಕೋಲು ಹುಡುಕುವವಳು, ಚೆಕ್‌ಪೋಸ್ಟಿನಲ್ಲಿ ಸಾಹೇಬರ ಮುಖಕ್ಕೇ ಬೆರಳು ತೋರಿಸಿ ಜಗಳವಾಡುವವಳು ಸೊಪ್ಪಿಗೆ ಹೆದರುತ್ತಾಳಲ್ಲ ಅಂತ. ನಗಲಿ ಬಿಡಿ. ಒಂದು ಹಿಡಿ ಸೊಪ್ಪನ್ನು ಕಿತ್ತೆಸೆದು ಒಬ್ಬ ಹೆಂಗಸನ್ನು ಸಾವಿನ ಬಾಗಿಲಿಗೆ ಕಳಿಸಿದವಳು ನಾನು. ಮನೆಯಲ್ಲಿ ಅದನ್ನು ಇನ್ನೂ ಹೇಳಿಲ್ಲ.

ನನ್ನ ಕೆಲಸ ಏನು ಅಂತ ಮೊದಲು ಹೇಳಬೇಕು. ಎಲ್ಲೋ ನೆರೆ ಬಂದಾಗ, ಗುಡ್ಡ ಕುಸಿದಾಗ ದೂರದ ಪರಿಹಾರ ಸಂಸ್ಥೆಗಳು ಅಕ್ಕಿ, ಬೇಳೆ, ಕಂಬಳಿ, ಬಕೆಟ್ಟು, ಸೊಳ್ಳೆಪರದೆ ಕಳಿಸುತ್ತವಲ್ಲ, ಆ ಸಾಮಾನು ನಡುದಾರಿಯಲ್ಲಿ ಎಲ್ಲಿ ಇಳಿಯಬೇಕು, ಎಷ್ಟು ದಿನ ಇರಬೇಕು, ಯಾವ ಲಾರಿ ಹತ್ತಿ ಯಾವ ಊರಿಗೆ ಹೋಗಬೇಕು ಅಂತ ನೋಡಿಕೊಳ್ಳುವುದು. ನಾಲ್ಕು ಸಂಸ್ಥೆಗಳಿಗೆ ಸೇರಿ ನಾನೊಬ್ಬಳೇ. ಒಬ್ಬರ ಕಂಬಳಿ ಬಂದಿರುತ್ತದೆ, ಇನ್ನೊಬ್ಬರ ಅಕ್ಕಿ ಬಂದಿರುವುದಿಲ್ಲ. ಎರಡೂ ಒಂದೇ ಲಾರಿಯಲ್ಲಿ ಹೋಗಲಿ ಅಂದರೆ ಬ್ಯಾನರಿನ ಮೇಲೆ ಯಾರ ಹೆಸರು ಮೊದಲು ಅಂತ ಫೋನಿನಲ್ಲಿ ಕಿತ್ತಾಡುತ್ತಾರೆ. ನಮ್ಮಮ್ಮ ಮಾತ್ರ ಕೇಳಿದವರಿಗೆಲ್ಲ, "ನಮ್ ಹುಡ್ಗಿ ಲಾರಿ ಆಫೀಸಲ್ಲವ್ಳೆ" ಅಂತ ಹೇಳಿ ಮುಗಿಸುತ್ತಿದ್ದಳು. ಹುಡುಗಿಗೆ ಆಗಲೇ ನಲವತ್ತು ದಾಟಿತ್ತು.

ಗೋದಾಮು ಕಿಬ್ಬನಹಳ್ಳಿ ಕ್ರಾಸಿನಿಂದ ಸ್ವಲ್ಪ ಆಚೆ, ರಸ್ತೆ ಪಕ್ಕದಲ್ಲೇ. ಬೆಂಗಳೂರಿನ ಕಡೆಯಿಂದ ಬಂದ ಮಾಲು ಅಲ್ಲಿಂದ ಹುಳಿಯಾರಿನ ಮೇಲೆ ಹಿರಿಯೂರಿಗೂ ಹೋಗಬಹುದು, ಅರಸೀಕೆರೆಯ ಕಡೆಗೂ ಹೋಗಬಹುದು. ಅದಕ್ಕೇ ಆ ಜಾಗ ಹಿಡಿದದ್ದು. ಅದು ಹಳೇ ಕೊಬ್ಬರಿ ಗೋದಾಮು. ಅರ್ಧದಲ್ಲಿ ಮಾಲೀಕರ ಕೊಬ್ಬರಿ ಚೀಲ, ಇನ್ನರ್ಧ ನಮಗೆ ಬಾಡಿಗೆಗೆ. ಮುಂದಿನ ಜಗಲಿಯಲ್ಲಿ ಏಳೆಂಟು ಹೆಂಗಸರು ಕೂತು ಒಣಗಿದ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಿದ್ದರು. ಇಡೀ ದಿನ ಟಕ್ ಟಕ್ ಅನ್ನುವ ಸದ್ದು. ನನಗೆ ಆ ಸದ್ದು ಹೊಸದಲ್ಲ. ನಾನು ತುರುವೇಕೆರೆ ಕಡೆಯ ತೋಟದ ಮನೆಯವಳು. ನಮ್ಮ ಅಟ್ಟದ ಮೇಲೂ ವರ್ಷಗಟ್ಟಲೆ ಕಾಯಿ ಬಿದ್ದಿರುತ್ತಿದ್ದವು. ಕೊಬ್ಬರಿಯ ವಿಷಯದಲ್ಲಿ ನನಗೆ ತಿಳಿಯದ್ದೇನೂ ಇಲ್ಲ ಅನ್ನುವ ಜಂಬ ಬಂದದ್ದು ಹಾಗೆ. ಬೆಳೆಯುವವರ ಅಟ್ಟ ಬೇರೆ, ಮಾರುವವರ ಗೋದಾಮು ಬೇರೆ ಅನ್ನುವುದು ಆಗ ತಲೆಗೆ ಹೋಗಿರಲಿಲ್ಲ.

ಗೋದಾಮಿನ ಮೇಸ್ತ್ರಿಗೆ ಅರವತ್ತು ಮೀರಿತ್ತು. ಹೆಗಲ ಮೇಲೆ ಚೌಕಳಿ ಟವೆಲು, ಬಾಯಲ್ಲಿ ಎಲೆಯಡಿಕೆ. ಮಾತು ಕಮ್ಮಿ. ನಾನು ಹತ್ತು ಮಾತಾಡಿದರೆ ಅವರದು ಒಂದು, ಅದೂ "ಆಯ್ತು ಬುಡವ್ವ". ಶ್ರಾವಣದಲ್ಲಿ ಬಂದ ಅಕ್ಕಿಯ ಚೀಲಗಳಲ್ಲಿ ನುಸಿ ಕಾಣಿಸಿಕೊಂಡಾಗ ನಾನು ಕೂಗಾಡಿದ್ದೆ. "ಮೇಸ್ತ್ರಿಗಳೇ, ನೆರೆಯಲ್ಲಿ ನೊಂದವರಿಗೆ ಹುಳದ ಅಕ್ಕಿ ಕಳಿಸಿದರೆ ನನ್ನ ಮಾನ ಹೋಗುತ್ತೆ. ಏನ್ ಮಾಡ್ತೀರೋ ನಂಗೊತ್ತಿಲ್ಲ, ಇನ್ಮೇಲೆ ಒಂದು ಹುಳ ಕಾಣಬಾರದು."

"ಆಯ್ತು ಬುಡವ್ವ. ಕೊಬ್ರಿಗ್ ಮಾಡ್ದಂಗೆ ಮಾಡ್ತೀನಿ."

ಕೊಬ್ಬರಿಗೆ ಏನು ಮಾಡುತ್ತಾರೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಒಂದು ನಿಮಿಷದ ಮಾತು. ಗೊತ್ತಿಲ್ಲ ಅಂತ ತೋರಿಸಿಕೊಳ್ಳುವುದು ನನ್ನ ಜಾಯಮಾನಕ್ಕೆ ಆಗಿಬರುವುದಿಲ್ಲ.

ಜಗಲಿಯ ಹೆಂಗಸರಲ್ಲಿ ಒಬ್ಬಳು ಬಡಗಣ ಸೀಮೆಯವಳು. ಗಂಡನ ಜೊತೆ ಕೂಲಿಗೆ ಬಂದವಳು. ಗಂಡ ತೀರಿಹೋದ ಮೇಲೂ ಇಲ್ಲೇ ಉಳಿದು ಹತ್ತು ವರ್ಷ ಚಿಪ್ಪು ಒಡೆದವಳು. ಮೂವತ್ತೈದರ ಆಸುಪಾಸು. ಬಾಕಿ ಹೆಂಗಸರು ಅವಳ ಮಾತನ್ನು ಅಣಕಿಸಿದರೆ ಅವಳು ಇವರ ಮಾತನ್ನು ಇನ್ನೂ ಚೆನ್ನಾಗಿ ಅಣಕಿಸಿ ನಗಿಸುತ್ತಿದ್ದಳು. ನಾನು ಬೆಳಿಗ್ಗೆ ಬಂದ ಕೂಡಲೇ, "ಅಕ್ಕಾರ, ಚಾ ಕುಡದ್ರೇನು?" ಅಂತ ಕೇಳುವವಳು ಅವಳೊಬ್ಬಳೇ. ಆ ವರ್ಷ ದಸರಾ ಹೊತ್ತಿಗೆ ಮಳೆ ಬಿಡದೆ ಹೊಯ್ದು ಅವಳ ತವರಿನ ಕಡೆಯೇ ಹೊಳೆ ಉಕ್ಕಿತು. ಅವಳು ನಗಿಸುವುದನ್ನು ನಿಲ್ಲಿಸಿದಳು.

ಆಯುಧಪೂಜೆ ಕಳೆದು ಎರಡು ದಿನವಾಗಿತ್ತು. ಗೋದಾಮಿನ ತುಂಬ ಹಬ್ಬದ ಉಳಿಕೆ. ಬಾಗಿಲಿಗೆ ಕಟ್ಟಿದ ಬಾಳೆಕಂದು ಜೋತುಬಿದ್ದಿತ್ತು. ಮಾವಿನ ತೋರಣ ಸುರುಟಿಕೊಂಡಿತ್ತು, ಒಡೆದ ಬೂದುಗುಂಬಳದ ಕುಂಕುಮ ನೆಲಕ್ಕೆ ಅಂಟಿತ್ತು. ಬೆಳಿಗ್ಗೆ ಎಂಟಕ್ಕೆ ಒಂದು ಸಂಸ್ಥೆಯವರ ಫೋನು. ಮೇಲಿನವರು ಮೂರು ಜನ ಬೆಂಗಳೂರಿನಿಂದ ಹೊರಟಿದ್ದಾರೆ, ಗೋದಾಮು ನೋಡಬೇಕಂತೆ, ಫೋಟೋ ತೆಗೆಯಬೇಕಂತೆ. ಮೇಸ್ತ್ರಿ ಇರಲಿಲ್ಲ. ಕೆಂಕೆರೆಯಲ್ಲಿ ಮಗಳ ಮನೆ, ಮೊಮ್ಮಗುವಿನ ನಾಮಕರಣ. "ನಾಳೆ ಮಧ್ಯಾನ್ಕೆ ಬತ್ತೀನವ್ವ" ಅಂತ ಹಿಂದಿನ ಸಂಜೆಯೇ ಹೋಗಿದ್ದರು. ಕಾಯಂ ಹಮಾಲರೂ ಹಬ್ಬದ ರಜದಲ್ಲಿದ್ದರು.

ನಾನೇ ಸೆರಗು ಸಿಕ್ಕಿಸಿ ನಿಂತೆ. ಬಾಳೆಕಂದು ಕಿತ್ತೆ, ತೋರಣ ಕಿತ್ತೆ. ಒಳಗೆ ಬಾಗಿಲ ಹತ್ತಿರದ ಅಕ್ಕಿ ಚೀಲದ ರಾಶಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿತ್ತು. ನೆಲಕ್ಕೆ ತಾಗುವಲ್ಲಿ ಸುತ್ತಲೂ ಮರಳು ತುಂಬಿದ ಉದ್ದುದ್ದ ಚೀಲ ಒತ್ತಿಟ್ಟಿತ್ತು. ಮಳೆನೀರು ನುಗ್ಗದಿರಲಿ ಅಂತ ಇಟ್ಟಿದ್ದಾರೆ, ಪರವಾಗಿಲ್ಲ ಮುದುಕಪ್ಪ ಅಂದುಕೊಂಡೆ. ರಾಶಿಯ ಎದುರಿಗೆ, ಹಾಳೆಯ ಮೇಲೆ, ದಾರ ಬಿಗಿದು ಒಂದು ಹಿಡಿ ಬೇವಿನ ಸೊಪ್ಪು ಕಟ್ಟಿತ್ತು. ಅದೂ ಬಾಡಿತ್ತು. "ಹಬ್ಬ ಮುಗಿದು ಎರಡು ದಿನ ಆದ್ರೂ ಒಬ್ಬರಿಗೂ ತೆಗೆಯೋ ಜ್ಞಾನ ಇಲ್ಲ" ಅಂತ ಬೈದುಕೊಂಡು ಅದನ್ನೂ ಎಳೆದು ಕಸದ ಬುಟ್ಟಿಗೆ ಹಾಕಿದೆ. ಚೀಲದ ಮೇಲಿನ ಗುರುತು ಫೋಟೋದಲ್ಲಿ ಕಾಣಬೇಕಲ್ಲ, ಹಾಳೆಯನ್ನೂ ಮಡಿಸಿಟ್ಟೆ.

ಬಂದವರು ಬಂದರು. ಹಾಳೆ ತೆಗೆದ ರಾಶಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೊರಗೆ ಹೋದರು. ಒಂದೇ ಗಳಿಗೆ ನಿಂತರು, ಅದು ಅವರ ಪುಣ್ಯ. ಅಷ್ಟರಲ್ಲಿ ನೆರೆ ಬಂದ ಊರಿನಿಂದ ಫೋನು. ಶಾಲೆಯಲ್ಲಿ ಇಟ್ಟಿರುವ ಜನಕ್ಕೆ ನಾಳೆ ಬೆಳಗಿನ ಅಕ್ಕಿ ಇಲ್ಲ, ಇವತ್ತೇ ಲಾರಿ ಬಿಡಿ ಅಂತ. ಲಾರಿ ಬಾಗಿಲಲ್ಲೇ ನಿಂತಿತ್ತು. ಕ್ರಾಸಿನಿಂದ ನಾಲ್ಕು ಜನ ಕಾಯಿ ತುಂಬುವವರನ್ನು ಕರೆಸಿ, ಕೈಗೆ ಸಿಕ್ಕ ಆ ರಾಶಿಯಿಂದಲೇ ತುಂಬಿಸಿದೆ. ಮುಂದೆ ಅಕ್ಕಿ, ಹಿಂದೆ ಕಂಬಳಿಯ ಕಟ್ಟು.

ತುಂಬುತ್ತಿದ್ದವರಲ್ಲಿ ಒಬ್ಬ ಮೂಗು ಹಿಡಿದುಕೊಂಡ. "ಏನ್ ಮೇಡಮ್ಮೋರೆ, ಬೆಳ್ಳುಳ್ಳಿ ಕೊಳ್ತಂಗ್ ನಾರ್ತದೆ?"

"ಆ ಕಡೆ ಚಟ್ನಿಪುಡಿ ಪೊಟ್ಟಣ ಇದಾವೆ ಕಣಪ್ಪ, ಅದರದ್ದು. ಬೇಗ ಬೇಗ ಎತ್ತಿ."

ಇನ್ನೊಬ್ಬ ತಲೆನೋವು ಅಂತ ಹಣೆ ಒತ್ತಿಕೊಂಡ. ತಿಂಡಿ ತಿನ್ನದೆ ಬಂದರೆ ಇನ್ನೇನಾಗುತ್ತೆ ಅಂತ ಅವನಿಗೂ ಒಂದು ಬೈಗುಳ ಬಿತ್ತು. ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇತ್ತು.

ಲಾರಿಗೆ ಟಾರ್ಪಾಲು ಕಟ್ಟುವ ಹೊತ್ತಿಗೆ ಜಗಲಿಯ ಆ ಬಡಗಣ ಸೀಮೆಯವಳು ಬಂದಳು. ಕೈಯಲ್ಲಿ ಒಂದು ಬಟ್ಟೆ ಗಂಟು. ಕಣ್ಣು ಊದಿತ್ತು.

"ಅಕ್ಕಾರ, ನಮ್ಮವ್ವನ್ನೂ ಅದ ಸಾಲ್ಯಾಗ ಇಟ್ಟಾರಂತ್ರಿ. ಮನಿ ಬಿದ್ದೈತಂತ. ಆಕಿಗೆ ಕಣ್ಣ ಕಾಣಂಗಿಲ್ರಿ. ಲಾರ್ಯಾಗ ನನ್ನೂ ಕಳಸ್ರಿ, ನಿಮ್ಮ ಕಾಲ ಬೀಳ್ತೇನಿ."

ಪರಿಹಾರದ ಲಾರಿಯಲ್ಲಿ ಹೊರಗಿನವರನ್ನು ಕೂರಿಸುವಂತಿಲ್ಲ. ಅದು ಸಂಸ್ಥೆಗಳ ಕಟ್ಟಳೆ. ನಾನೇ ಡ್ರೈವರುಗಳಿಂದ ಸಹಿ ಹಾಕಿಸಿಕೊಂಡಿದ್ದೆ. ಆದರೆ ಆ ಮುಖ ನೋಡಿ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಬೆಂಗಳೂರಿನವರು ಇನ್ನೂ ಗೇಟಿನ ಹತ್ತಿರ ಎಳನೀರು ಕುಡಿಯುತ್ತಿದ್ದರು. ಮುಂದೆ ಕೂರಿಸಿದರೆ ಅವರ ಕಣ್ಣಿಗೆ ಬೀಳುತ್ತಾಳೆ. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದೆ: "ಹಿಂದೆ ಹತ್ತು. ಟಾರ್ಪಾಲಿನ ಕೆಳಗೆ ಕೂತ್ಕೊ. ಮಳೆಯೂ ಬೀಳಲ್ಲ, ಯಾರಿಗೂ ಕಾಣಲ್ಲ."

ಅವಳು ಒಂದು ಸಲ ಗೋದಾಮಿನೊಳಗೆ ಹೋಗಿ ಬಂದಳು. ಏನೋ ಮರೆತಿರಬೇಕು ಅಂದುಕೊಂಡೆ. ಆಮೇಲೆ ಹತ್ತಿ ಕಂಬಳಿಗಳ ನಡುವೆ ಕೂತಳು. ಮಳೆ ಶುರುವಾಯಿತು. ಡ್ರೈವರ್ ಹಗ್ಗ ಬಿಗಿದ. ಹತ್ತೂವರೆಗೆ ಲಾರಿ ಹೊರಟಿತು.

ಹನ್ನೆರಡು ದಾಟಿ ಸ್ವಲ್ಪ ಹೊತ್ತಾಗಿತ್ತು. ಮೇಸ್ತ್ರಿ ಬಸ್ಸಿಳಿದು ಕೊಡೆ ಮಡಿಸಿಕೊಂಡು ಬಂದರು. ನಾಮಕರಣದ ಮನೆಯ ಕಜ್ಜಾಯ ತಂದಿದ್ದರು. ಪೊಟ್ಟಣ ನನ್ನ ಕೈಗಿಟ್ಟು ಒಳಗೆ ಹೋದವರು ಅಲ್ಲೇ ನಿಂತರು.

"ಅವ್ವ, ಈ ರಾಶಿ ಎಲ್ಲೋಯ್ತು?"

"ಲಾರಿಗೆ ಹೋಯ್ತು."

"ಸೊಪ್ಪು?"

"ಯಾವ ಸೊಪ್ಪು?"

"ಬೇವಿನ್ ಸೊಪ್ಪು ಕಟ್ಟಿದ್ನಲ್ಲವ್ವ!"

"ಓ ಅದಾ. ಬಾಡಿತ್ತು, ಕಿತ್ತು ಕಸಕ್ಕೆ ಹಾಕ್ದೆ. ಹಬ್ಬ ಮುಗೀತಲ್ಲ."

ಮೇಸ್ತ್ರಿ ಗೋಡೆ ಹಿಡಿದು ಹಾಗೇ ಕುಕ್ಕರಿಸಿದರು. ಆ ಮನುಷ್ಯನ ಬಾಯಿಂದ ಅಷ್ಟು ಮಾತು ನಾನು ಕೇಳಿದ್ದು ಅದೇ ಮೊದಲು. ಹಿಂದಿನ ಸಂಜೆ ಆ ರಾಶಿಗೆ ಅವರು ಮದ್ದು ಇಟ್ಟಿದ್ದರು. ಹುಳ ಸಾಯುವ ಮಾತ್ರೆ, ಬಟ್ಟೆಯಲ್ಲಿ ಕಟ್ಟಿ ಚೀಲ ಚೀಲದ ಸಂದಿಗೆ. ಅದರಿಂದ ವಿಷದ ಗಾಳಿ ಏಳುತ್ತದೆ. ಹಾಳೆ ಹೊದಿಸಿ, ಮರಳು ಒತ್ತಿ, ವಾರ ಯಾರೂ ಹತ್ತಿರ ಹೋಗಬಾರದು. ಆಮೇಲೆ ಗಂಟುಗಳನ್ನು ಎಣಿಸಿ ತೆಗೆದು, ಗಾಳಿಯಾಡಿಸಿ, ಅದಾದ ಮೇಲೇ ಮುಟ್ಟಬೇಕು. ಮದ್ದಿಟ್ಟ ರಾಶಿಗೆ ಬೇವಿನ ಸೊಪ್ಪು ಕಟ್ಟುವುದು ಆ ಗೋದಾಮಿನ ಪದ್ಧತಿ. ಓದು ಬಾರದ ಹಮಾಲರಿಗೂ ಚಿಪ್ಪು ಒಡೆಯುವ ಹೆಂಗಸರಿಗೂ ಅದೇ ಬೋರ್ಡು. ಸೊಪ್ಪು ಇದ್ದರೆ ಹೋಗಬೇಡ, ಸೊಪ್ಪು ಇಲ್ಲದಿದ್ದರೆ ಹೋಗು. ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಮೂರು ತಿಂಗಳಿಂದ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ ನನ್ನೊಬ್ಬಳಿಗೆ ಗೊತ್ತಿರಲಿಲ್ಲ.

"ಹೋಗ್ಲಿ ಬುಡವ್ವ" ಅಂದರು, ಉಸಿರು ತೆಗೆದುಕೊಂಡು. "ಲಾರೀಲಿ ಡ್ರೈವರ್ ಮುಂದ್ಕಡೆ ಇರ್ತಾನೆ. ಅವ್ನಿಗೆ ಫೋನ್ ಮಾಡಿ, ಅಕ್ಕಿ ಇಳ್ಸಂಗಿಲ್ಲ ಅನ್ನು. ಹಿಂದ್ಗಡೆ ಜನ ಇಲ್ವಲ್ಲ?"

ಕೈಯಲ್ಲಿದ್ದ ಕಜ್ಜಾಯದ ಪೊಟ್ಟಣ ನೆಲಕ್ಕೆ ಬಿತ್ತು.

"ಅವಳಿದಾಳೆ" ಅಂದೆ. "ಟಾರ್ಪಾಲಿನ ಕೆಳಗೆ."

ಮೇಸ್ತ್ರಿ ನನ್ನನ್ನೇ ನೋಡಿದರು.

ಡ್ರೈವರಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ಎತ್ತುವುದಿಲ್ಲ ಅಂತ ನನಗೇ ಗೊತ್ತಿತ್ತು. "ಓಡಿಸುವಾಗ ಫೋನ್ ಎತ್ತಿದ್ದು ಗೊತ್ತಾದರೆ ಮುಂದಿನ ಟ್ರಿಪ್ಪೇ ಇಲ್ಲ" ಅಂತ ಹೆದರಿಸಿ ಇಟ್ಟವಳು ನಾನೇ. ಒಳ್ಳೆಯ ಹುಡುಗ, ಹೇಳಿದ ಮಾತು ಮೀರುವವನಲ್ಲ. ಅವಳ ನಂಬರಿಗೆ ಮಾಡಿದೆ. ಜಗಲಿಯ ಮೂಲೆಯಲ್ಲೇ ಎಲ್ಲೋ ಹಾಡು ಕೇಳಿಸಿತು. ಅವಳ ಫೋನು ಅಲ್ಲಿ ಗೋಡೆಯ ಪ್ಲಗ್ಗಿಗೆ ಚಾರ್ಜಿಗೆ ಹಾಕಿದ್ದು ಹಾಕಿದ ಹಾಗೇ ಇತ್ತು. ಚಿಪ್ಪು ಒಡೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು. ಆ ಹಾಡು ಮುಗಿಯುವವರೆಗೂ ಫೋನು ಕಟ್ ಮಾಡಬೇಕು ಅನ್ನುವುದೂ ನನಗೆ ತೋಚಲಿಲ್ಲ.

"ಪೊಲೀಸ್ರಿಗ್ ಹೇಳವ್ವ" ಅಂದರು ಮೇಸ್ತ್ರಿ.

ಇಲ್ಲಿ ನಿಜ ಹೇಳಬೇಕು. ಆ ಮಾತು ಕೇಳಿ ನಾನು ಹಿಂಜರಿದೆ. ಪೊಲೀಸರು ಅಂದರೆ ಕೇಸು. ಕೇಸು ಅಂದರೆ, ಹಿಂದೆ ಹೆಂಗಸನ್ನು ಹತ್ತಿಸಿದ್ದು ಯಾರು ಅನ್ನುವ ಪ್ರಶ್ನೆ. ಕೆಲಸ ಹೋಗುತ್ತದೆ, ಪೇಪರಿನಲ್ಲಿ ಬರುತ್ತದೆ, ನಮ್ಮೂರಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಇನ್ನೊಂದು ಸಲ ಡ್ರೈವರಿಗೆ ಮಾಡಿ ನೋಡೋಣ, ಇನ್ನೊಂದೇ ಸಲ, ಅಂತ ಮೂರು ಸಲ ಮಾಡಿದೆ. ಐದು ನಿಮಿಷ ಆಗಿರಬಹುದು. ಐದು ನಿಮಿಷ ಅವಳು ಅಲ್ಲಿ ಆ ಗಾಳಿ ಎಳೆದುಕೊಳ್ಳುತ್ತಿದ್ದಳು, ನಾನು ಇಲ್ಲಿ ನನ್ನ ಮಾನ ಲೆಕ್ಕ ಹಾಕುತ್ತಿದ್ದೆ. ಮೇಸ್ತ್ರಿ ಎದ್ದು ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡರು.

"ಜೀವ ಕಣವ್ವ ಅದು! ನೀನ್ ಮಾಡ್ತೀಯೋ, ನಾನ್ ಮಾಡ್ಲೋ?"

ನಾನೇ ಮಾಡಿದೆ. ತುರ್ತು ನಂಬರಿನ ಹುಡುಗಿ ಲಾರಿಯ ನಂಬರು ಕೇಳಿದಳು. ದಿನಕ್ಕೆ ಹತ್ತು ಸಲ ಬರೆಯುವ ನಂಬರು ನಾಲಿಗೆಗೆ ಬರಲಿಲ್ಲ. ಪುಸ್ತಕ ನೋಡಿ ಹೇಳಿದೆ. ಹಳದಿ ಬ್ಯಾನರು, ನೀಲಿ ಟಾರ್ಪಾಲು, ಹುಳಿಯಾರಿನ ಮೇಲೆ ಹಿರಿಯೂರಿನ ಕಡೆ, ಹಿಂದೆ ಒಬ್ಬ ಹೆಂಗಸು, ಒಳಗೆ ವಿಷದ ಗಾಳಿ, ಯಾರೂ ಒಳಗೆ ತಲೆ ಹಾಕಬೇಡಿ ಮೊದಲು ಟಾರ್ಪಾಲು ಬಿಚ್ಚಿ ಅಂತ ಹೇಳಿದೆ.

ಬೆಳಿಗ್ಗೆ ತುಂಬಿದ ನಾಲ್ಕು ಜನರನ್ನೂ ಡಾಕ್ಟರ ಹತ್ತಿರ ಕರೆದೊಯ್ಯಲು ಮಾಲೀಕರಿಗೆ ಹೇಳಿ, ನಾನೂ ಮೇಸ್ತ್ರಿಯೂ ನನ್ನ ಹಳೇ ಕಾರು ಹತ್ತಿದೆವು. ಚಿಕ್ಕನಾಯಕನಹಳ್ಳಿಯ ರಸ್ತೆ ಹಿಡಿದೆವು. ವೈಪರು ಒಂದು ಕಡೆಯದು ಮಾತ್ರ ಓಡುತ್ತಿತ್ತು. ಎರಡೂ ಕಡೆ ತೋಟ, ಮಳೆಗೆ ಕಪ್ಪಾದ ತೆಂಗಿನ ಮರಗಳು. ಹುಟ್ಟಿದಾಗಿನಿಂದ ನೋಡಿದ ರಸ್ತೆ ಅವತ್ತು ಮುಗಿಯಲೇ ಇಲ್ಲ. ರಸ್ತೆ ಬದಿಯಲ್ಲಿ ನಾಲ್ಕು ಜನ ಗುಂಪು ಕಟ್ಟಿ ನಿಂತಿದ್ದರೂ ಕಾರು ನಿಧಾನ ಮಾಡಿ ಕತ್ತು ಚಾಚುತ್ತಿದ್ದೆ. ಎದುರಿನಿಂದ ಒಂದು ಆಂಬುಲೆನ್ಸ್ ಬಂತು. ನನಗೆ ಬ್ರೇಕು ಯಾವುದು ಅಂತ ಮರೆತುಹೋಯಿತು.

"ನೋಡ್ಕಂಡ್ ಓಡ್ಸವ್ವ" ಅಂದರು ಮೇಸ್ತ್ರಿ.

"ಎಷ್ಟು ಹೊತ್ತಲ್ಲಿ ಏನಾಗುತ್ತೆ ಮೇಸ್ತ್ರಿಗಳೇ? ನಿಜ ಹೇಳಿ."

"ಮಳೆ ತ್ಯಾವ್ಕೆ ಮದ್ದು ಜಾಸ್ತಿ ಬಿಚ್ಕತದೆ." ಅಷ್ಟು ಹೇಳಿ ಟವೆಲು ತೆಗೆದು ಮುಖ ಮುಚ್ಚಿಕೊಂಡರು.

ಹುಳಿಯಾರಿನಲ್ಲಿ ನಮ್ಮ ಲಾರಿಗಳು ಯಾವಾಗಲೂ ನಿಲ್ಲುವ ಎಳನೀರಿನ ಗಾಡಿಯವನನ್ನು ಕೇಳಿದೆ.

"ಹಳ್ದಿ ಬ್ಯಾನರ್ ಲಾರಿ ತಾನೆ? ಇವತ್ತು ನಿಲ್ಲುಸ್ಲೇ ಇಲ್ಲ ಕಣ್ರೀ. ಮಳೇಲಿ ಹಂಗೇ ಹೋಯ್ತು."

"ಹಿಂದೆ ಯಾರಾದರೂ ಕಂಡರಾ? ಹೆಂಗಸು?"

"ಇಲ್ವಲ್ಲ. ಟಾರ್ಪಾಲು ಬಿಗ್ಯಾಗ್ ಕಟ್ಟಿತ್ತು."

ಬಿಗಿಯಾಗಿ ಕಟ್ಟಿತ್ತು. ಕಾರಿನ ಬಾಗಿಲು ತೆಗೆದು ಅಲ್ಲೇ ವಾಂತಿ ಮಾಡಿಕೊಂಡೆ. ಎಳನೀರಿನವನು ಬೇಡವೆಂದರೂ ಒಂದು ಕಾಯಿ ಕೊಚ್ಚಿಕೊಟ್ಟ. ಕುಡಿಯಲು ಆಗಲಿಲ್ಲ, ಮೇಸ್ತ್ರಿಯ ತೊಡೆಯ ಮೇಲೆ ಅದು ಹಿರಿಯೂರಿನವರೆಗೂ ಬಂತು.

ಹುಳಿಯಾರು ಬಿಟ್ಟು ಮೂರ್ನಾಲ್ಕು ಮೈಲಿ ಹೋಗಿರಬಹುದು, ಫೋನು ಬಂತು. ಗಂಡಸಿನ ದನಿ. ಹಿರಿಯೂರಿಗೆ ಈಚೆ ಲಾರಿ ತಡೆದಿದ್ದೇವೆ ಅಂದರು. ಹೆಂಗಸು ಸಿಕ್ಕಿದ್ದಾಳೆ ಅಂದರು.

"ಇದಾಳಾ?" ಅಂದೆ.

"ಉಸಿರಾಡ್ತಿದಾಳೆ ಮೇಡಂ. ಮಾತಾಡ್ತಿಲ್ಲ. ಆಸ್ಪತ್ರೆಗೆ ಕಳಿಸಿದೀವಿ, ಅಲ್ಲಿಗೇ ಬನ್ನಿ."

ಸರ್ಕಾರಿ ಆಸ್ಪತ್ರೆಯ ಹೊರಗೆ ಲಾರಿಯ ಡ್ರೈವರ್ ನಿಂತಿದ್ದ. ನನ್ನನ್ನು ಕಂಡು ಅಳಲಿಕ್ಕೇ ಶುರು ಮಾಡಿದ. "ಒಳ್ಗೇನಾಯ್ತೋ ನಂಗೊತ್ತಿಲ್ಲ ಮೇಡಮ್ಮೋರೆ, ಮಳೆ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ. ಪೊಲೀಸ್ನೋರು ಕೈ ತೋರ್ಸಿ ನಿಲ್ಲುಸ್ದಾಗ ನೋಡುದ್ರೆ ಅಕ್ಕ ಟಾರ್ಪಾಲಿನ್ ಮೇಲವ್ರೆ!"

ಅವಳು ಹತ್ತು ವರ್ಷ ಆ ಗೋದಾಮಿನಲ್ಲಿದ್ದವಳು. ದಾರಿಯಲ್ಲಿ ವಾಸನೆ ಮೂಗಿಗೆ ಅಡರಿದ ಮೇಲೆ ಅದೇನು ಅಂತ ಅವಳಿಗೆ ಗೊತ್ತಾಗಿದೆ. ಒಳಗಿಂದ ಕೂಗಿದ್ದಾಳೆ, ಹಲಗೆ ಬಡಿದಿದ್ದಾಳೆ. ಯಾರಿಗೂ ಕೇಳಿಸಿಲ್ಲ. ಹಿಂಭಾಗದಲ್ಲಿ ಟಾರ್ಪಾಲಿನ ಅಂಚು ಎತ್ತಿ ಮೂಗು ಹೊರಗೆ ಹಾಕಿ ಸುಮಾರು ದೂರ ಬಂದಿದ್ದಾಳೆ. ತಲೆ ಸುತ್ತಿ ಇನ್ನಾಗದು ಅನ್ನಿಸಿದಾಗ, ಹುಳಿಯಾರು ದಾಟಿದ ಮೇಲೆ, ಹಲ್ಲಿನಿಂದ ಹಗ್ಗದ ಗಂಟು ಸಡಿಲಿಸಿ ಹೊರಬಂದು ಟಾರ್ಪಾಲಿನ ಮೇಲೆ ಹತ್ತಿ ಹಗ್ಗಕ್ಕೆ ಕೈ ಸುತ್ತಿಕೊಂಡು ಬೋರಲು ಮಲಗಿದ್ದಾಳೆ. ಓಡುತ್ತಿದ್ದ ಲಾರಿಯ ಮೇಲೆ, ಆ ಮಳೆಯಲ್ಲಿ.

ಡಾಕ್ಟರು ಒಂದು ರಾತ್ರಿ ಕಳೆಯಲಿ, ಆಮೇಲೆ ಹೇಳುತ್ತೇನೆ ಅಂದರು. ಕಳೆಯಿತು. ಅದನ್ನು ಹೇಗೆ ಕಳೆದೆ ಅಂತ ಬರೆಯಲಾರೆ. ಅಕ್ಕಿಯನ್ನೆಲ್ಲ ವಾಪಸು ತರಿಸಿದೆವು. ಶಾಲೆಗೆ ಇನ್ನೊಂದು ಊರಿನ ದಾಸ್ತಾನಿನಿಂದ ಬೇರೆ ಲಾರಿ ಹೋಯಿತು. ಬೆಳಿಗ್ಗೆ ಒಳಗೆ ಬಿಟ್ಟರು. ಅವಳ ಅಂಗೈ ಹಗ್ಗಕ್ಕೆ ಸುಲಿದು ಪಟ್ಟಿ ಕಟ್ಟಿತ್ತು. ತುಟಿ ಬಿಳಿಚಿಕೊಂಡಿತ್ತು. ನಮ್ಮಿಬ್ಬರನ್ನೂ ನೋಡಿ ಮೆಲ್ಲಗೆ ಹೇಳಿದಳು:

"ಸೊಪ್ಪು ಇದ್ದಿಲ್ಲಲ್ರಿ ಅಕ್ಕಾರ. ಹತ್ತೂಕಿಂತ ಮೊದ್ಲ ಒಳಗ ಬಂದು ನೋಡಿದ್ದೆ. ಸೊಪ್ಪು ಕಾಣ್ಲಿಲ್ಲ. ಅದಕ್ಕ ಹತ್ತಿದೆ."

ನಾನು ಬಾಯಿ ತೆರೆದೆ. ಅದಕ್ಕೆ ಮೊದಲೇ ಮೇಸ್ತ್ರಿ ಮಾತಾಡಿಬಿಟ್ಟರು.

"ನಾನೇ ಕಣವ್ವ. ಕಟ್ಟದ್ ಮರ್ತೋಗ್ಬುಟ್ಟಿದ್ದೆ. ಮೊಮ್ಮಗಿನ್ ನಾಮಕರ್ಣದ್ ಗಡಿಬಿಡಿ."

ಅವಳು ಅವರ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ಹೊರಗೆ ಬಂದ ಮೇಲೆ, "ಯಾಕೆ ಹಾಗೆ ಹೇಳಿದ್ರಿ?" ಅಂತ ಕೇಳಿದೆ. "ನೀನ್ ಇನ್ನೂ ಕೆಲ್ಸ ಮಾಡೋಳು. ನಂದೇನು, ಆಯ್ತು ಬುಡವ್ವ" ಅಂದರು. ಬೇಡ, ನಾನೇ ಹೋಗಿ ಹೇಳುತ್ತೇನೆ ಅನ್ನಬೇಕಿತ್ತು. ನನಗೆ ಆದದ್ದು ಸಮಾಧಾನ. ನಾಚಿಕೆಗೇಡು, ಆದರೆ ನಿಜ. ಪೊಲೀಸರೂ ಅವರ ಮಾತನ್ನೇ ಬರೆದುಕೊಂಡರು, ಹತ್ತಿಸಿದ್ದು ಯಾರು ಅಂತ ಕೇಳಲಿಲ್ಲ. ಯಾರ ಜೀವಕ್ಕೂ ಏನೂ ಆಗಿಲ್ಲ, ಗೋದಾಮಿನ ಮುದುಕನ ಮರೆವು ಅಂತ ಹೆದರಿಸಿ ಬಿಟ್ಟರು.

ಹದಿನೈದು ದಿನಕ್ಕೆ ಅವಳು ಮರಳಿ ಜಗಲಿಗೆ ಬಂದಳು. ನಡುವೆ ನಾನೇ ಕಾರಿನಲ್ಲಿ ಕರೆದೊಯ್ದು ಅವಳ ತಾಯಿಯನ್ನು ತೋರಿಸಿ ತಂದಿದ್ದೆ. ಮುದುಕಿ ನನ್ನ ಕೈ ಸವರಿ, ತನ್ನ ಮಗಳನ್ನು ಉಳಿಸಿದ ತಾಯಿ ಅಂತ ಹಣೆಗೊತ್ತಿಕೊಂಡಿದ್ದಳು. ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಲಿ ಅಂತ ನನಗೆ ದಿನಗಟ್ಟಲೆ ತಿಳಿಯಲಿಲ್ಲ.

ಗೋದಾಮಿನಲ್ಲಿ ಮೇಸ್ತ್ರಿಯ ಮರ್ಯಾದೆ ಹೋಗಿತ್ತು. ಅವಳು ಅವರ ಕೈಯಿಂದ ನೀರು ಮುಟ್ಟುತ್ತಿರಲಿಲ್ಲ. ಬೇರೆ ಹೆಂಗಸರೂ ಹಮಾಲರೂ ಒಳಗೆ ಕಾಲಿಡುವ ಮೊದಲು ಬಾಗಿಲಲ್ಲಿ ನಿಂತು ಮೂಸಿ ನೋಡುತ್ತಿದ್ದರು. ಮೂವತ್ತು ವರ್ಷ ಒಂದು ಸಲವೂ ಸೊಪ್ಪು ಕಟ್ಟುವುದನ್ನು ಮರೆಯದ ಮನುಷ್ಯ ಅವರೆಲ್ಲರ ಎದುರು ತಲೆ ತಗ್ಗಿಸಿ ಓಡಾಡುತ್ತಿದ್ದರು. ಎಲೆಯಡಿಕೆಯನ್ನೂ ಬಿಟ್ಟರು. ನನಗೆ ದಿನಾ ಭಯ. ಮೊದಲು ಅವಳು ಸಾಯುತ್ತಾಳೆ ಅನ್ನುವ ಭಯವಿತ್ತು, ಈಗ ಅವಳಿಗೆ ಗೊತ್ತಾಗುತ್ತದೆ ಅನ್ನುವ ಭಯ. ಇನ್ನೂ ಒಂದು ಭಯವಿತ್ತು. ಸೊಪ್ಪನ್ನು ಯಾರೂ ನಂಬದಿದ್ದರೆ, ಒಂದು ದಿನ ಸೊಪ್ಪು ಕಟ್ಟಿದ್ದರೂ ಯಾರೋ ಒಳಗೆ ಹೋಗುತ್ತಾರೆ.

ಕಾರ್ತಿಕದಲ್ಲಿ ಮತ್ತೆ ಅಕ್ಕಿ ಬಂತು. ಮೇಸ್ತ್ರಿ ಮದ್ದಿಟ್ಟು, ಹಾಳೆ ಹೊದಿಸಿ, ಹಸಿ ಬೇವಿನ ಸೊಪ್ಪು ಕಟ್ಟಿ ಹೊರಗೆ ಬಂದರು. ಜಗಲಿಯಿಂದ ಅವಳು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು: "ಕಟ್ಟೀರೇನ್ರಿ ಈ ಸಲನಾದ್ರೂ? ಇಲ್ಲಾ ಮರತ್ರೋ?"

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಗಲು ನೋಡಿದರು, ಮುಖ ಒಪ್ಪಲಿಲ್ಲ. ಟವೆಲಿನಿಂದ ಕಣ್ಣು ಒರೆಸಿಕೊಂಡರು.

ಜಗಲಿಯ ಮೆಟ್ಟಿಲು ಹಿಡಿದು ನಿಂತು ಹೇಳಿದೆ. "ಅವರು ಮರೆತಿರಲಿಲ್ಲ. ಕಟ್ಟಿದ್ದರು. ನಾನು ಕಿತ್ತೆಸೆದೆ. ಹಬ್ಬದ್ದು ಅಂದುಕೊಂಡೆ. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಕೇಳಲಿಲ್ಲ. ನಿನ್ನ ಹತ್ತಿಸಿದವಳೂ ನಾನೇ. ಪೊಲೀಸರಿಗೆ ಫೋನು ಮಾಡಲಿಕ್ಕೂ ತಡ ಮಾಡಿದೆ."

ಟಕ್ ಟಕ್ ಅನ್ನುವ ಸದ್ದು ನಿಂತುಹೋಯಿತು. ಅವಳು ಕೈಯಲ್ಲಿದ್ದ ಮಚ್ಚನ್ನು ಕೆಳಗಿಟ್ಟಳು. ಎದ್ದು ನನ್ನ ಪಕ್ಕದಲ್ಲೇ ಹಾದು ಗೇಟಿನ ಹತ್ತಿರದ ಬೇವಿನ ಮರಕ್ಕೆ ಹೋದಳು. ನನ್ನ ಮುಖ ನೋಡಲಿಲ್ಲ. ಕೊಂಬೆ ಬಗ್ಗಿಸಿ ಒಂದು ಹಿಡಿ ಸೊಪ್ಪು ಮುರಿದು ಮೊದಲು ಮೇಸ್ತ್ರಿಯ ಹತ್ತಿರ ನಿಂತಳು, "ತಪ್ಪಾತ್ರಿ ಅಜ್ಜಾರ" ಅಂದಳು. ಆಮೇಲೆ ಬಂದು ಆ ಸೊಪ್ಪನ್ನು ನನ್ನ ಕೈಯಲ್ಲಿ ಇಟ್ಟಳು. ಅವಳ ಅಂಗೈಯ ಗಾಯದ ಗೆರೆಗಳು ನನ್ನ ಬೆರಳಿಗೆ ತಾಗಿದವು.

"ಇನ್ನ ಮ್ಯಾಲ ನೀವ ಕಟ್ಟರಿ" ಅಂದಳು. "ಕಟ್ಟಿದಾಕಿ ಕೀಳಂಗಿಲ್ಲ."

ಅವತ್ತಿನಿಂದ ಅವಳು ನನ್ನನ್ನು ಚಾ ಕುಡಿದಿರಾ ಅಂತ ಕೇಳಿಲ್ಲ. ನಾನೂ ಕಾಯುವುದನ್ನು ಬಿಟ್ಟಿದ್ದೇನೆ. ಸಂಸ್ಥೆಗಳಿಗೆ ನಾನೇ ಎಲ್ಲವನ್ನೂ ಬರೆದು ಕಳಿಸಿದೆ. ಎರಡು ಸಂಸ್ಥೆಗಳು ಬಿಟ್ಟುಹೋದವು, ಎರಡು ಉಳಿದವು. ಮೇಸ್ತ್ರಿ ಮತ್ತೆ ಎಲೆಯಡಿಕೆ ಹಾಕುತ್ತಾರೆ. ಮದ್ದಿಟ್ಟು ಬಂದು, "ಕಟ್ಟವ್ವ" ಅನ್ನುತ್ತಾರೆ. ನಾನು ಕಟ್ಟುತ್ತೇನೆ. ಗಂಟು ಎರಡು ಸಲ ಹಾಕುತ್ತೇನೆ. ಸಂಜೆ ಬೀಗ ಹಾಕಿ, ಗಾಡಿ ಹತ್ತಿ, ತಿಪಟೂರಿನ ರಸ್ತೆಗೆ ಸ್ವಲ್ಪ ದೂರ ಹೋಗಿರುತ್ತೇನೆ. ಕಟ್ಟಿದೆನೋ ಇಲ್ಲವೋ ಅನ್ನಿಸುತ್ತದೆ. ಗಾಡಿ ತಿರುಗಿಸುತ್ತೇನೆ.